ಮಕ್ಕಳ ಬೇಸಗೆ ರಂಗಶಿಬಿರ ಮತ್ತು ಹಳೆಯ ನಾಟಕಗಳು

ಹಿರಿಯರ ನಾಟಕಗಳನ್ನು ಮಕ್ಕಳಿಂದ ಆಡಿಸುವುದು ಉಚಿತವೆ ಎಂಬ ಪ್ರಶ್ನೆ ಹಳೆಯದು. ಅರ್ಥವಾಗದ ಮಾತನ್ನು ಬಾಯಿಪಾಠ ಮಾಡಿಸಿದರೆ ಫಲವೇನು ಎಂದು ಆಕ್ಷೇಪಿಸುವವರುಂಟು. ಬೇಸಗೆಯ ರಜೆಯಲ್ಲಿ ನಡೆಯುವ ಮಕ್ಕಳ ರಂಗಶಿಬಿರಗಳ ಸ್ವರೂಪವನ್ನು ವಿವೇಚಿಸಿದರೆ ಈ ಆಕ್ಷೇಪಕ್ಕೆ ಸಮಾಧಾನ ದೊರೆಯುತ್ತದೆ.

ಕನ್ನಡದಲ್ಲಿ ಈ ಕಾರ್ಯದೊಡನೆ ಬಿ. ವಿ. ಕಾರಂತರ ಹೆಸರು ಬೆಸೆದುಕೊಂಡಿದೆ. 1929ರಲ್ಲಿ ದಕ್ಷಿಣ ಕನ್ನಡದಲ್ಲಿ ಜನಿಸಿದ ಅವರು ಮೂರನೆಯ ತರಗತಿಯಲ್ಲಿದ್ದಾಗಲೇ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ವಹಿಸಿದರು. ಅನಂತರ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದ ಆ ಬಾಲಕ 1977ರಿಂದ 1981ರವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಸ್ಥಾಪಿತವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಅಲ್ಲಿನ ಬೇಸಗೆ ಶಿಬಿರವಾದ ‘ಚಿಣ್ಣರ ಮೇಳ’ ನಾಡಿನಲ್ಲೆಲ್ಲ ಪರಿಚಿತವಾಗಿದೆ.

ಶಾಲೆಯ ಪಾಠದಲ್ಲಿ ಅರ್ಥ ಮೊದಲು, ಮಾತು ಆಮೇಲೆ. ರಂಗದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಮಾತನ್ನು ಎದುರಿಗಿರುವವನಿಗೆ ಆಡಬೇಕು. ಅವನು ಉತ್ತರ ಕೊಡಬೇಕು. ಅಷ್ಟರಲ್ಲಿ ಅರ್ಥ ತಾನಾಗಿ ಮೈಗೂಡುತ್ತದೆ. ಭಾಸನ ‘ಮಧ್ಯಮ ವ್ಯಾಯೋಗ’ವನ್ನೇ ನೋಡಬಹುದು. 1912ರಿಂದ ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಪ್ರಕಟಿಸಿದ ಭಾಸನ ನಾಟಕಗಳಲ್ಲಿ ಇದೂ ಒಂದು, ಒಂದೇ ಅಂಕದ್ದು. ಘಟೋತ್ಕಚನು ಬ್ರಾಹ್ಮಣ ಕುಟುಂಬವೊಂದನ್ನು ತಡೆದು ಒಬ್ಬ ಮಗನನ್ನು ಕೇಳುತ್ತಾನೆ. ಹಿರಿಯವನನ್ನು ತಂದೆ ಬಿಡನು, ಕಿರಿಯವನನ್ನು ತಾಯಿ ಬಿಡಳು, ಉಳಿದವನು ನಡುವಿನವನು. ನೀರು ಕುಡಿಯಲು ಹೋದ ಆತನನ್ನು ಘಟೋತ್ಕಚನು ‘ಮಧ್ಯಮ’ ಎಂದು ಕೂಗಿದಾಗ, ಪಾಂಡವರಲ್ಲಿ ಮಧ್ಯಮನೆನಿಸಿದ ಭೀಮನು ಬರುತ್ತಾನೆ. ಮೂವರು ಮಕ್ಕಳ ಮನೆಯಲ್ಲಿ ನಡುವೆ ಹುಟ್ಟಿದವನಿಗೆ ಈ ಸಂಕಟವನ್ನು ಟೀಕೆಯಿಂದ ತಿಳಿಸಬೇಕಾಗಿಲ್ಲ. ಒಂದು ಪದಕ್ಕೆ ಇಬ್ಬರು ಓಗೊಡಬಹುದೆಂಬ ಭಾಷೆಯ ಸ್ವಾರಸ್ಯವೂ ಆ ಒಂದು ಕೂಗಿನಲ್ಲಿಯೇ ಅವನಿಗೆ ಹೊಳೆಯುತ್ತದೆ.

ಎರಡನೆಯ ಲಾಭ ಮೇಳದ್ದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬ್ರೌನಿಂಗ್ ಕವಿಯ ಕಥನಕವನವೊಂದರಿಂದ ಪ್ರೇರಿತವಾದುದು. ರಂಗಕ್ಕೆ ಏರಿದಾಗ ಇಲಿಗಳೂ ಊರ ಜನರೂ ಮಕ್ಕಳ ಹಿಂಡೂ ಅದರಲ್ಲಿ ಪಾತ್ರಗಳೇ. ರವೀಂದ್ರರ ಗಿಳಿಯ ಕಥೆಯನ್ನು ಆಧರಿಸಿದ ಕಾರಂತರ ‘ಪಂಜರಶಾಲೆ’ಯಲ್ಲಿ, ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ಗಿಳಿಯನ್ನೇ ಮರೆತ ಹಿರಿಯರ ಗುಂಪನ್ನು ಮಕ್ಕಳೇ ಅಭಿನಯಿಸುತ್ತಾರೆ. ನಾಚುವ ಮಗುವಿಗೆ ಗುಂಪಿನಲ್ಲಿ ಆಶ್ರಯ, ಧೈರ್ಯವುಳ್ಳದ್ದಕ್ಕೆ ಮುಂದೆ ಬರುವ ಅವಕಾಶ.

ಈ ಮರೆವು ಶಿಬಿರಗಳನ್ನೂ ಬಾಧಿಸಬಲ್ಲುದು. ಕೊನೆಯ ದಿನದ ಪ್ರದರ್ಶನವೇ ಗುರಿಯಾಗಿ, ಉಡುಪು ದೀಪಗಳ ವೆಚ್ಚ ಬೆಳೆದು, ತಪ್ಪಿದ ಮಾತಿಗೆ ಬೈಗುಳ ಸಂದರೆ ಅದೂ ಇನ್ನೊಂದು ಪಂಜರವೇ.

ಹೊರನಾಡಿನ ಕನ್ನಡ ಮನೆಗಳಿಗೆ ಈ ವಿಷಯ ಮತ್ತಷ್ಟು ಹತ್ತಿರದ್ದು. ಅಲ್ಲಿನ ಅನೇಕ ಮಕ್ಕಳಿಗೆ ತಾಯಿಯೊಡನೆ ಆಡುವ ಕನ್ನಡವುಂಟು, ಓದುವ ಕನ್ನಡವಿಲ್ಲ. ಊಟ, ಸ್ನಾನ, ಶಾಲೆಗಳ ಮಾತಿಗಷ್ಟೇ ಭಾಷೆ ಸೀಮಿತವಾದರೆ ಮುಂದಿನ ತಲೆಮಾರಿಗೆ ಅದೂ ಉಳಿಯುವುದು ಕಷ್ಟ. ನಾಟಕಕ್ಕೆ ಲಿಪಿ ಅಡ್ಡಿಯಾಗದು. ಕಿವಿಯಿಂದ ನಾಲಗೆಗೆ ದಾರಿಯಿದೆ. ಕೋಪ, ಕರುಣೆ, ಯಾಚನೆ, ವಾದ ಇವೆಲ್ಲಕ್ಕೂ ಕನ್ನಡದಲ್ಲಿ ಮಾತುಂಟೆಂದು ಒಮ್ಮೆ ಆಡಿ ತಿಳಿದ ಮಗು, ಅಕ್ಷರವನ್ನು ತಾನಾಗಿಯೇ ಕೇಳಿಕೊಂಡು ಬರುವ ಸಂಭವವುಂಟು. ಸಂಘಗಳ ಸಭಾಂಗಣಗಳು ಬೇಸಗೆಯಲ್ಲಿ ಬರಿದಾಗಿರುವಾಗ ಇದು ವಿಚಾರಾರ್ಹ.