ಒಂದು ಚಮಚ ಎಣ್ಣೆ, ಇಪ್ಪತ್ತು ನಿಮಿಷ

ಬೆಳ್ಳಂಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಮಚ ಎಳ್ಳೆಣ್ಣೆ ಬಾಯಿಗೆ ಸುರಿದುಕೊಂಡರೆ ಮೊದಲು ಆಗುವುದು ಹೇಸಿಗೆಯೇ. ನಾಲಿಗೆಯ ಮೇಲೆ ದಪ್ಪ ಜಿಡ್ಡು, ಗಂಟಲಲ್ಲಿ ಓಕರಿಕೆಯ ಸೂಚನೆ. ಹಲ್ಲಿನ ಸಂದಿಯಲ್ಲಿ ಆಚೀಚೆ ಎಳೆದಾಡುತ್ತಿದ್ದಂತೆ ಎಣ್ಣೆ ತೆಳುವಾಗುತ್ತದೆ, ಜೊಲ್ಲು ಸೇರಿ ಕೆನ್ನೆ ಉಬ್ಬುತ್ತದೆ, ದವಡೆ ಸೋಲುತ್ತದೆ. ಕೊನೆಗೆ ಉಗುಳಿದರೆ ಹೊಂಬಣ್ಣದ ಎಣ್ಣೆಯ ಜಾಗದಲ್ಲಿ ಹಾಲಿನಂಥ ಬಿಳಿ ದ್ರವ. ‘ನೋಡಿ, ಮೈಯೊಳಗಿನ ವಿಷವೆಲ್ಲ ಹೊರಬಂತು’ ಎಂದು ರೀಲ್ಸ್‌ಗಳಲ್ಲಿ ತೋರಿಸುವುದು ಇದನ್ನೇ.

ಅದು ವಿಷವಲ್ಲ. ಎಣ್ಣೆ, ಜೊಲ್ಲು, ಗಾಳಿ ಮೂರೂ ಕಡೆದುಹೋಗಿ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದಿರುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ದ್ರವ ಬೆಳ್ಳಗೆ ಕಾಣುತ್ತದೆ. ಬೇಕರಿಯ ಮಯೊನೀಸ್ ಬೆಳ್ಳಗಿರುವುದೂ ಇದೇ ಕಾರಣಕ್ಕೆ. ರೋಗವೇ ಇಲ್ಲದವರು ಮುಕ್ಕಳಿಸಿದರೂ ಬರುವುದು ಅದೇ ಬಿಳಿ.

ಈ ಪದ್ಧತಿಗೆ ‘ಸಾವಿರಾರು ವರ್ಷಗಳ ಆಯುರ್ವೇದ’ ಎಂಬ ಮುದ್ರೆ ಒತ್ತುವವರು ಒಮ್ಮೆ ಗ್ರಂಥಗಳನ್ನು ತೆರೆದು ನೋಡಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ತೈಲಗಂಡೂಷದ ಮಾತಿದೆ, ನಿಜ. ಆದರೆ ಅಲ್ಲಿ ಹೇಳಿರುವ ಫಲಗಳೇನು? ದವಡೆಗೆ ಬಲ, ದನಿಗೆ ಬಲ, ಊಟಕ್ಕೆ ರುಚಿ. ಗಂಟಲು ಒಣಗುವುದಿಲ್ಲ, ತುಟಿ ಒಡೆಯುವುದಿಲ್ಲ, ಹಲ್ಲು ಹುಳಿಗೆ ಜುಮ್ಮೆನ್ನುವುದಿಲ್ಲ, ಗಟ್ಟಿ ಪದಾರ್ಥವನ್ನೂ ಅಗಿಯಬಹುದು. ಎಲ್ಲವೂ ಬಾಯಿಯ ಸುತ್ತಮುತ್ತಲಿನ ಸಂಗತಿಗಳೇ. ಸಕ್ಕರೆ ಕಾಯಿಲೆ, ಸಂಧಿವಾತ ವಾಸಿಯಾಗುತ್ತದೆಂದು ಅಲ್ಲಿ ಹೇಳಿಲ್ಲ. ನನಗೆ ಈ ಹಳೆಯ ಪಟ್ಟಿಯ ಸಂಕೋಚವೇ ಹೆಚ್ಚು ಇಷ್ಟ.

ವಾಗ್ಭಟನ ಅಷ್ಟಾಂಗಹೃದಯ ವಿಧಾನವನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಬಾಯಿ ಅಲುಗಿಸಲಾಗದಷ್ಟು ತುಂಬಿ ಸುಮ್ಮನೆ ಹಿಡಿದಿಟ್ಟುಕೊಂಡರೆ ಗಂಡೂಷ, ಆಡಿಸಲು ಜಾಗವಿದ್ದರೆ ಕವಲ. ಇಂದಿನ ಆಯಿಲ್ ಪುಲ್ಲಿಂಗ್ ಎರಡನೆಯದಕ್ಕೇ ಹತ್ತಿರ. ಎಷ್ಟು ಹೊತ್ತು ಎಂಬುದಕ್ಕೆ ನಿಮಿಷದ ಲೆಕ್ಕವಿಲ್ಲ. ಬಾಯಿ ಕಫದಿಂದ ತುಂಬುವ ತನಕ, ಇಲ್ಲವೇ ಮೂಗು ಕಣ್ಣುಗಳಲ್ಲಿ ನೀರು ಇಳಿಯುವ ತನಕ. ಇನ್ನೂ ಸ್ವಾರಸ್ಯವೆಂದರೆ, ಅವನ ದಿನಚರಿಯಲ್ಲಿ ಗಂಡೂಷ ಬರುವುದು ಹಲ್ಲುಜ್ಜಿ, ಕಣ್ಣಿಗೆ ಅಂಜನ ಹಚ್ಚಿ, ಮೂಗಿಗೆ ನಸ್ಯ ಬಿಟ್ಟ ಮೇಲೆ. ‘ಹಲ್ಲುಜ್ಜುವ ಮೊದಲೇ ಮಾಡಬೇಕು’ ಎಂಬ ಇಂದಿನ ಕಟ್ಟಪ್ಪಣೆ ಅವನದ್ದಲ್ಲ.

ಹಾಗಾದರೆ ಇವೆಲ್ಲ ಎಲ್ಲಿಂದ ಬಂದವು? 1990ರ ದಶಕದಿಂದ. ಉಕ್ರೇನಿನ ಡಾ. ಎಫ್. ಕರಾಚ್ ಅವರ ಹೆಸರಿನಲ್ಲಿ ಹರಡಿದ ವಿಧಾನದಲ್ಲಿ ಸೂರ್ಯಕಾಂತಿ ಎಣ್ಣೆಯಿತ್ತು, ಹದಿನೈದು–ಇಪ್ಪತ್ತು ನಿಮಿಷದ ಗಡುವಿತ್ತು, ಬಹುತೇಕ ಎಲ್ಲ ಕಾಯಿಲೆಗೂ ಪರಿಹಾರದ ಭರವಸೆಯಿತ್ತು. ನಮ್ಮ ಕಡೆ ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಬೆಂಗಳೂರಿನ ತುಮ್ಮಲ ಕೋಟೇಶ್ವರ ರಾವ್ ಪ್ರಮುಖರು. ತೆಲುಗಿನ ಆಂಧ್ರಜ್ಯೋತಿ ಪತ್ರಿಕೆ 1996ರಲ್ಲಿ ಓದುಗರ ಅನುಭವಗಳ ಸಮೀಕ್ಷೆಯನ್ನೇ ನಡೆಸಿತು. ಆಮೇಲೆ ಅಮೆರಿಕದಲ್ಲಿ ಕೊಬ್ಬರಿ ಎಣ್ಣೆಯ ಗೀಳು ಹತ್ತಿತು, ಹಾಲಿವುಡ್ ತಾರೆಯರು ಹೊಗಳಿದರು, ಅಲ್ಲಿಂದ ತಿರುಗಿ ನಮ್ಮ ಮರಗಾಣದ ಅಂಗಡಿಗಳ ಕಪಾಟಿಗೆ ಬಂತು.

ಹಾಗೆಂದು ಇದು ಬರೀ ಬೂಟಾಟಿಕೆಯಲ್ಲ. ಚೆನ್ನೈನ ದಂತವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಸಡು ಊದಿದ ಇಪ್ಪತ್ತು ಹುಡುಗರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಳ್ಳೆಣ್ಣೆ, ಇನ್ನೊಂದಕ್ಕೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದರು. ಎರಡೂ ಗುಂಪಿನಲ್ಲಿ ಹಲ್ಲಿನ ಪಾಚಿ, ಒಸಡಿನ ಊತ ತಗ್ಗಿದವು. ಇಪ್ಪತ್ತೇ ಮಂದಿ ಎಂಬುದನ್ನು ಮರೆಯುವಂತಿಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2022ರ ವಿಶ್ಲೇಷಣೆಯೊಂದರ ಪ್ರಕಾರ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಪಾಚಿ, ಒಸಡಿನ ಲೆಕ್ಕದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸವಿಲ್ಲ. ಅಮೆರಿಕದ ದಂತವೈದ್ಯರ ಸಂಘ ಇದನ್ನು ಶಿಫಾರಸು ಮಾಡುವುದಿಲ್ಲ. ಒಟ್ಟಿನಲ್ಲಿ ಬ್ರಷ್ ಬಿಟ್ಟು ಎಣ್ಣೆ ಹಿಡಿಯುವುದು ನಷ್ಟದ ವ್ಯಾಪಾರ; ಬ್ರಷ್ ಜೊತೆಗೆ ಹಿಡಿದರೆ ತಕರಾರಿಲ್ಲ.

ತಕರಾರು ಇರುವುದು ಎಣ್ಣೆ ಗಂಟಲಿನಾಚೆ ಜಾರಿದಾಗ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ಕರಗಿಹೋಗುವುದಿಲ್ಲ. ಅದರಿಂದ ಲಿಪಾಯ್ಡ್ ನ್ಯುಮೋನಿಯಾ ಎಂಬ ಉರಿಯೂತ ಬರಬಹುದು. ಎಣ್ಣೆ ಮುಕ್ಕಳಿಸುತ್ತಿದ್ದವರಲ್ಲಿ ಇದು ಮರುಕಳಿಸಿದ್ದನ್ನು ಕೊರಿಯಾದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ಐದು ವರ್ಷ ತುಂಬದ ಮಕ್ಕಳಿಗೆ ಕವಲ ಬೇಡವೆಂದು ವಾಗ್ಭಟ ಬರೆದಿಟ್ಟಿದ್ದಾನೆ. ನುಂಗಲು ತೊಂದರೆಯಿರುವ ಹಿರಿಯರಿಗೂ, ಆಸ್ತಮಾ ಇರುವವರಿಗೂ ಈ ಮಾತು ಅನ್ವಯಿಸುವುದು ಒಳ್ಳೆಯದು. ತಲೆ ಹಿಂದಕ್ಕೆ ವಾಲಿಸಿ ಗಳಗಳ ಮಾಡುವುದಂತೂ ಯಾರಿಗೂ ಬೇಡ.

ಇನ್ನು ಉಗುಳುವ ಜಾಗ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನ ಬೆಂಗಳೂರಿನಲ್ಲಿ ಅದನ್ನು ಶೀಶೆಯಿಂದ ಚಮಚದಲ್ಲಿ ಕೆರೆದು ತೆಗೆಯಬೇಕು. ಸಿಂಕಿಗೆ ಉಗುಳಿದರೆ ಪೈಪಿನೊಳಗೂ ಅದೇ ಪಾಡು. ಹಳೆಯ ಪತ್ರಿಕೆಯ ತುಂಡಿಗೆ ಉಗುಳಿ ಕಸದ ಬುಟ್ಟಿಗೆ ಹಾಕಿ. ಎಳ್ಳೆಣ್ಣೆಗೆ ಹೆಪ್ಪುಗಟ್ಟುವ ಈ ತಾಪತ್ರಯವಿಲ್ಲ, ಆದರೂ ಸಿಂಕಿಗೆ ಅದೂ ಬೇಡ.