ಜಾಲತಾಣಕ್ಕೆ ಯಾವ ಸಾಧನ ಲೇಸು?

ಸೇಡಮಿನ ತೊಗರಿಬೇಳೆಯ ವರ್ತಕರಾಗಲಿ, ಶಹಾಬಾದಿನ ಹಾಸುಗಲ್ಲಿನ ವ್ಯಾಪಾರಿಗಳಾಗಲಿ ಜಾಲತಾಣವನ್ನು ಕಟ್ಟಹೊರಟರೆ ಎರಡು ಮಾರ್ಗಗಳುಂಟು. 2006ರಲ್ಲಿ ಹುಟ್ಟಿದ ವಿಕ್ಸ್ ಸುಲಭವಾದುದು. ಸಿದ್ಧವಾದ ಮಾದರಿಯಲ್ಲಿ ಚಿತ್ರವನ್ನೂ ಬರಹವನ್ನೂ ಕೂಡಿಸಿದರಾಯಿತು, ಪಾಲನೆಯ ಭಾರವು ಸಂಸ್ಥೆಯದು. ಆದರೆ ಅಲ್ಲಿ ಕಟ್ಟಿದ ತಾಣವನ್ನು ಇದ್ದಂತೆಯೇ ಬೇರೆಡೆಗೆ ಒಯ್ಯಲಾಗದು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶ. ಬೇಕಾದಂತೆ ಮಾರ್ಪಡಿಸಬಹುದು, ಬೇರೆ ಸರ್ವರಿಗೂ ಸಾಗಿಸಬಹುದು. ಆದರೆ ಸರ್ವರಿನ ಬಾಡಿಗೆ, ಕಾಲಕಾಲದ ಪರಿಷ್ಕರಣ, ಪ್ರತಿಯನ್ನು ಕಾದಿರಿಸುವುದು, ಇವೆಲ್ಲ ಒಡೆಯನ ಹೊಣೆ.

ಸರಕು, ದರ, ವಿಳಾಸಗಳನ್ನು ತಿಳಿಸಿದರೆ ಸಾಕೆನ್ನುವವರಿಗೆ ಮೊದಲನೆಯದೇ ಲೇಸು. ವ್ಯಾಪಾರವು ಬೆಳೆದಂತೆ ತಾಣವೂ ಬೆಳೆಯಬೇಕೆನ್ನುವವರು ಎರಡನೆಯದನ್ನು ಹಿಡಿಯಲಿ. ಯಾವುದನ್ನು ಆರಿಸಿದರೂ ತಾಣದ ಹೆಸರು ಒಡೆಯರ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕೆಂದು ನಾವು ವಾಚಕರಿಗೆ ಒತ್ತಿ ಹೇಳುವೆವು. ಕಟ್ಟಿಕೊಟ್ಟವನು ಊರು ಬಿಟ್ಟರೂ ಅಂಗಡಿಯ ಹೆಸರು ಕೈತಪ್ಪಬಾರದು.