ಗಿಯರ್ ಕೆಟ್ಟ ಹಳೆಯ ಟ್ರ್ಯಾಕ್ಟರನ್ನು ಕೊಳ್ಳುವ ವಿಚಾರ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಕಬ್ಬಿನ ಊರುಗಳಲ್ಲಿ ಹಳೆಯ ಟ್ರ್ಯಾಕ್ಟರುಗಳ ಕೊಡುಕೊಳ್ಳುವಿಕೆ ಬಹಳ. “ಗಿಯರಿನಲ್ಲಿ ತುಸು ಸಪ್ಪಳ, ಬೇರೆ ದೋಷವಿಲ್ಲ” ಎಂಬ ಮಾತಿನೊಡನೆ ಕಡಿಮೆ ಬೆಲೆಗೆ ಬರುವ ಯಂತ್ರಗಳೂ ಇವುಗಳಲ್ಲಿ ಉಂಟು. ಸಾಲ ತೆಗೆದು ಇಂಥದನ್ನು ಕೊಂಡ ಒಕ್ಕಲಿಗನು, ಕಡಿದ ಕಬ್ಬನ್ನು ಹೊಲದಲ್ಲಿ ಬಿಟ್ಟು ಮಿಸ್ತ್ರಿಯ ಬಾಗಿಲು ಕಾಯುವ ಪ್ರಸಂಗ ಬರಬಹುದು. ಇಂಥ ವ್ಯವಹಾರಗಳಲ್ಲಿ ಜನರು ಗೌಡರ ಹಾಗೂ ಹಿರಿಯ ಜಮೀನುದಾರರ ಸಲಹೆಯನ್ನು ಕೇಳುವದರಿಂದ, ಅವರು ಈ ವಿಷಯವನ್ನು ಅರಿತಿರುವದು ಅವಶ್ಯ.

ಮೊದಲು ಕೇಳಬೇಕಾದದ್ದು ಯಂತ್ರದ ವಯಸ್ಸನ್ನಲ್ಲ, ಅದು ಮಾಡಿದ ಕೆಲಸವನ್ನು. ನೇಗಿಲು, ಕುಂಟೆಗಳಿಗಷ್ಟೇ ಬಳಸಿದ ಯಂತ್ರವು ಹತ್ತು ವರ್ಷಗಳ ಮೇಲೂ ಗಟ್ಟಿಯಾಗಿರಬಹುದು. ಆದರೆ ಹಸಿ ಎರೆಭೂಮಿಯಿಂದ ಎರಡೆರಡು ಟ್ರೇಲರ್ ಕಬ್ಬನ್ನು ಎಳೆದು ಸಕ್ಕರೆ ಕಾರಖಾನೆಗೆ ಮುಟ್ಟಿಸುತ್ತ ಬಂದ ಯಂತ್ರದಲ್ಲಿ, ಪ್ರತಿ ಸಲ ಹೊರಡುವಾಗಲೂ ಪೂರ್ತಿ ಭಾರವು ಕ್ಲಚ್ಚಿನ ಮೇಲೂ ಗಿಯರುಗಳ ಹಲ್ಲಿನ ಮೇಲೂ ಬಿದ್ದಿರುವದು.

ದೋಷವು ಎಲ್ಲಿದೆಯೆಂಬುದನ್ನು ಸಪ್ಪಳದಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಎಂಜಿನ್ ನಡೆಯುತ್ತಿರಲಾಗಿ, ಗಿಯರ್ ಹಾಕದೆ ನಿಂತಾಗ ಕೇಳುವ ಸಪ್ಪಳವು ಕ್ಲಚ್ಚನ್ನು ತುಳಿದೊಡನೆ ನಿಂತರೆ, ಗಿಯರ್ ಪೆಟ್ಟಿಗೆಯ ಮುಂದಿನ ಬೇರಿಂಗು ಸವೆದಿರುವ ಸಂಭವ ಹೆಚ್ಚು. ತುಳಿದಾಗಲೇ ಸಪ್ಪಳ ಹುಟ್ಟಿದರೆ ದೋಷವು ಕ್ಲಚ್ಚಿನ ಬೇರಿಂಗಿನಲ್ಲಿ. ಒಂದೇ ಗಿಯರಿನಲ್ಲಿ ಕೇಳಿದರೆ ಆ ಗಿಯರಿನ ಹಲ್ಲು ಸವೆದಿದೆ ಇಲ್ಲವೆ ಮುರಿದಿದೆ ಎಂದು ಸಂಶಯಪಡಬೇಕು. ಎಲ್ಲ ಗಿಯರುಗಳೂ ಕರಕರ ಎನ್ನುತ್ತ ಬೀಳುತ್ತಿದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬಹುದು. ಅದು ಪೆಡಲನ್ನು ಸರಿಪಡಿಸುವದರಿಂದಲೇ ವಾಸಿಯಾದೀತು. ಭಾರ ಎಳೆಯುವಾಗ ಗಿಯರು ತಾನೇ ಜಾರಿ ಹೊರಬೀಳುವದು ಇವೆಲ್ಲವುಗಳಿಗಿಂತ ಕೆಟ್ಟ ಲಕ್ಷಣ. ಇಳಿಜಾರಿನಲ್ಲಿ ಹೀಗಾದರೆ ಪ್ರಾಣಕ್ಕೇ ಅಪಾಯ.

ಸಪ್ಪಳವನ್ನು ಅಡಗಿಸಲು ದಪ್ಪ ಎಣ್ಣೆ ತುಂಬುವ ಯುಕ್ತಿಯುಂಟು. ತಣ್ಣಗಿರುವಾಗ ಎಂಥ ಪೆಟ್ಟಿಗೆಯೂ ಸಭ್ಯವಾಗಿಯೇ ಇರುವದು. ಮೂಡಲಗಿಯ ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ನೊಗಕ್ಕೆ ಕಟ್ಟಿ, ನಡೆಸಿ ಕೊಳ್ಳುವವರು ಟ್ರ್ಯಾಕ್ಟರನ್ನು ಮಾತ್ರ ನಿಂತಲ್ಲೇ ನೋಡಿ ಮುಂಗಡ ಕೊಡುವದು ವಿಚಿತ್ರವೇ ಸರಿ. ತುಂಬಿದ ಟ್ರೇಲರನ್ನು ಕಟ್ಟಿ ಒಂದು ತಾಸು ಓಡಿಸಬೇಕು. ಬಳಿಕ, ತಮ್ಮ ಕಡೆಯ ಮಿಸ್ತ್ರಿಯಿಂದ ಪೆಟ್ಟಿಗೆಯ ಕೆಳಗಿನ ಬಿರಡೆಯನ್ನು ಬಿಚ್ಚಿಸಿ ಎಣ್ಣೆಯನ್ನು ಬೋಗುಣಿಗೆ ಇಳಿಸಿ ನೋಡಬೇಕು. ಬಿರಡೆಯ ಅಯಸ್ಕಾಂತಕ್ಕೆ ಹತ್ತಿದ ನುಣುಪಾದ ಬೂದು ರಾಡಿಯು ಸಾಮಾನ್ಯ ಸವೆತ. ಕೈಗೆ ಚುಚ್ಚುವ ಉಕ್ಕಿನ ಚೂರುಗಳಿದ್ದರೆ ಹಲ್ಲು ಇಲ್ಲವೆ ಬೇರಿಂಗು ಒಡೆದಿದೆ. ಎಣ್ಣೆಯು ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಎಣ್ಣೆ ಇಳಿಸಲು ಒಪ್ಪದ ಮಾರಾಟಗಾರನ ಯಂತ್ರವನ್ನು ಬಿಟ್ಟುಬಿಡುವದೇ ಲೇಸು.

ಕ್ಲಚ್ಚನ್ನು ಬದಲಿಸಲು ಸಾಮಾನ್ಯವಾಗಿ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಗುವದು. ಆದುದರಿಂದ ಬಿಡಿಭಾಗದ ಬೆಲೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಮೋಸ. ಉದಾಹರಣೆಗೆ, ನೆಟ್ಟಗಿರುವ ಯಂತ್ರಕ್ಕೆ 4 ಲಕ್ಷ ರೂಪಾಯಿ, ಸಪ್ಪಳದ್ದಕ್ಕೆ 3 ಲಕ್ಷ 20 ಸಾವಿರ ಎಂದಿಟ್ಟುಕೊಳ್ಳೋಣ. ಉಳಿತಾಯ 80 ಸಾವಿರ. ದುರಸ್ತಿಗೆ 55 ಸಾವಿರ ಹಿಡಿದರೂ 25 ಸಾವಿರ ಲಾಭ ಕಾಣುವದು. ಆದರೆ ಹಂಗಾಮಿನಲ್ಲಿ 20 ದಿನ ಯಂತ್ರ ನಿಂತು, ದಿನಕ್ಕೆ 2 ಸಾವಿರದಂತೆ ಬಾಡಿಗೆ ಯಂತ್ರ ತಂದರೆ 40 ಸಾವಿರ ಹೋಗಿ, 15 ಸಾವಿರ ನಷ್ಟವೇ ಉಳಿಯುವದು. ಕಡಿದ ಕಬ್ಬು ತಡವಾದಷ್ಟೂ ತೂಕದಲ್ಲಿಯೂ ಸಕ್ಕರೆಯ ಅಂಶದಲ್ಲಿಯೂ ಇಳಿಯುವದು; ಆ ಹಾನಿಯು ಈ ಲೆಕ್ಕದಲ್ಲಿ ಸೇರಿಲ್ಲ.

ಅದೇ ಯಂತ್ರವನ್ನು ಹಂಗಾಮು ಮುಗಿದ ಮೇಲೆ ಕೊಂಡು, ಬಿಡುವಿನಲ್ಲಿ ದುರಸ್ತಿ ಮಾಡಿಸುವದಾದರೆ ವ್ಯವಹಾರವು ಕುದುರೀತು. ಆದರೆ ಆ ಮಾದರಿಯ ಬಿಡಿಭಾಗಗಳು ಗೋಕಾಕ ಅಥವಾ ಸಂಕೇಶ್ವರದ ಅಂಗಡಿಗಳಲ್ಲಿ ದೊರೆಯುವಂತಿರಬೇಕು. ಪೆಟ್ಟಿಗೆ ಬಿಚ್ಚಿದ ಮೇಲೆ ಹೊಸ ದೋಷಗಳು ಕಾಣುವದು ಸಾಮಾನ್ಯವಾದ್ದರಿಂದ, ಮಿಸ್ತ್ರಿ ಹೇಳಿದ ಖರ್ಚಿಗೆ ಅದರ ಅರ್ಧದಷ್ಟನ್ನು ಕೂಡಿಸಿಯೇ ಬೆಲೆ ಕಟ್ಟಬೇಕು.

ಕಾಗದಪತ್ರಗಳಲ್ಲಿ ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳು ಯಂತ್ರದ ಮೇಲಿನವುಗಳೊಡನೆ ಕೂಡಬೇಕು. ಟ್ರೇಲರಿನ ನೋಂದಣಿ ಬೇರೆ. ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ಪತ್ರ ಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಕೊಂಡವನು 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಮೊದಲ ನೋಂದಣಿಯ 15 ವರ್ಷಗಳ ಅವಧಿ ತೀರಿದ್ದರೆ ಅದನ್ನು ಮಾರುವವನೇ ನವೀಕರಿಸಿ ಕೊಡುವಂತೆ ಕರಾರಿನಲ್ಲಿ ಬರೆಯಿಸಿಕೊಳ್ಳತಕ್ಕದ್ದು.